ಎದೆಕೊಂಡಿಯ ಹಾರ್ನೆಸ್: ಎಳೆದಾಡುವ ನಾಯಿಗೆ ಆದೀತೇ?

ಎದೆಯ ಮುಂದೆ ಕೊಂಡಿಯಿರುವ ಈ ಹಾರ್ನೆಸ್ (ನಾಯಿಯ ಮೈಗೆ ತೊಡಿಸುವ ಪಟ್ಟಿ) ಕೊರಳಪಟ್ಟಿಗಿಂತ ವಾಸಿ, ಅನುಮಾನವಿಲ್ಲ. ಲೀಶನ್ನು (ನಾಯಿಯನ್ನು ಹಿಡಿದು ನಡೆಸುವ ಹಗ್ಗ) ಎದೆಯ ಕೊಂಡಿಗೆ ಸಿಕ್ಕಿಸಿದರೆ ನಾಯಿ ಮುನ್ನುಗ್ಗಿದಾಗ ಮೈ ಪಕ್ಕಕ್ಕೆ ತಿರುಗುತ್ತದೆ, ಗಂಟಲು ಒತ್ತುವುದಿಲ್ಲ. ಆದರೆ ಅಳತೆ ತಪ್ಪಿತೋ, ಕೆಟ್ಟಿತು. ಪಟ್ಟಿಯಡಿ 2 ಬೆರಳು ಹಿಡಿಸಬೇಕು. ಸಡಿಲಾದರೆ ಹಿಂದಕ್ಕೆ ಜಗ್ಗಿ ನುಣುಚಿಕೊಳ್ಳುತ್ತದೆ. ಬಿಗಿಯಾದರೆ ಮುಂಗಾಲಿನ ಸಂದಿಯಲ್ಲಿ ಕೂದಲು ಸವೆದು ಚರ್ಮ ಕೆಂಪಾಗುತ್ತದೆ. ವಾರಕ್ಕೊಮ್ಮೆಯಾದರೂ ಅಲ್ಲಿ ಕೈಯಾಡಿಸಿ ನೋಡಿ.

ಇದು ತಾನಾಗಿ ಏನನ್ನೂ ಕಲಿಸದು (ಪೊಟ್ಟಣದ ಮೇಲೆ ಏನೇ ಬರೆದಿರಲಿ). ಲೀಶ್ ಬಿಗಿಯಾದ ಕ್ಷಣ ನಿಲ್ಲಿ, ಸಡಿಲವಾದೊಡನೆ ನಡೆಯಿರಿ. ನಿಮ್ಮ ಮೊಣಕಾಲ ಪಕ್ಕಕ್ಕೆ ಬಂದಾಗ ಬಟಾಣಿಯಷ್ಟು ತಿನಿಸು ಕೊಡಿ. ಮೊದಲು ಮನೆಯೊಳಗೆ, 5 ನಿಮಿಷ ಸಾಕು. ಜೊತೆಗೆ ಸುರುಳಿ ಲೀಶ್ (ಹಿಡಿಯೊಳಗೆ ಸುತ್ತಿಕೊಂಡಿದ್ದು ಎಳೆದರೆ ಬಿಚ್ಚಿಕೊಳ್ಳುವಂಥದ್ದು) ಮಾತ್ರ ಬೇಡ: ಅದು ಸದಾ ಬಿಗಿ, ಎಳೆದಷ್ಟೂ ಉದ್ದವಾಗುವುದರಿಂದ ಎಳೆಯುವುದೇ ಲಾಭವೆಂದು ನಾಯಿ ಕಲಿಯುತ್ತದೆ.