ಎರಡೂವರೆ ವರ್ಷ ಲಾರಿಯ ಆಯಿಲ್ ಟೆಸ್ಟ್ ಮಾಡಿಸಿದ ಮೇಲೆ: ಅಂಕಿ ಸರಿ, ಷರಾ ತಪ್ಪು

ಮಾರ್ಚ್ ತಿಂಗಳ ರಿಪೋರ್ಟ್ ಮೊಬೈಲಿಗೆ ಬಂದಾಗ ನಾನು ಕಾಸರಗೋಡು ಜಿಲ್ಲೆಯ ಸೀತಾಂಗೋಳಿಯಲ್ಲಿ ಕಲ್ಲು ಇಳಿಸುತ್ತಿದ್ದೆ. ಅಲ್ಯೂಮಿನಿಯಂ 31 ಪಿಪಿಎಂ (ಹತ್ತು ಲಕ್ಷ ಪಾಲು ಆಯಿಲಿನಲ್ಲಿ 31 ಪಾಲು) ಅಂತ ಕೆಂಪು ಅಕ್ಷರದಲ್ಲಿತ್ತು. ಅದರ ಕೆಳಗೆ ಒಂದೇ ಸಾಲು: ‘ಪಿಸ್ಟನ್ ಸವೆತದ ಶಂಕೆ, ಇಂಜಿನ್ ಪರೀಕ್ಷಿಸಿ.’ ಒಂದೇ ಲಾರಿಯಲ್ಲಿ ಮನೆ ನಡೆಸುವವನಿಗೆ ಆ ಸಾಲು ಓದಿದರೆ ಹೇಗಾಗುತ್ತದೆ ಅಂತ ಲಾರಿ ಇಟ್ಟವರಿಗೆ ಗೊತ್ತು. ಆವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ನನ್ನದು 6 ಚಕ್ರದ ಬಿಎಸ್4 ಲಾರಿ. ಬದಿಯಡ್ಕ, ಪೆರ್ಲ, ಕುಂಬಳೆ ಸುತ್ತ ಮುರಕಲ್ಲಿನ (ಕೆಂಪು ಲ್ಯಾಟರೈಟ್ ಕಲ್ಲಿನ) ಲೋಡು. ಮಳೆಗಾಲದಲ್ಲಿ ಕಲ್ಲು ತೆಗೆಯುವ ಕೋರೆ ನಿಂತಾಗ ಸಿಮೆಂಟ್, ಅಡಿಕೆ, ಸಿಕ್ಕಿದ ಬಾಡಿಗೆ. ಆಯಿಲ್ 15ಡಬ್ಲ್ಯೂ-40 ಗ್ರೇಡಿನದ್ದು, ಹತ್ತು ಸಾವಿರ ಕಿಲೋಮೀಟರಿಗೆ ಒಮ್ಮೆ ಬದಲಿಸುತ್ತೇನೆ. ಹಳೆ ಆಯಿಲನ್ನು ಲ್ಯಾಬಿಗೆ ಕಳಿಸಿದರೆ ಇಂಜಿನ್ ಒಳಗಿನ ಸಂಗತಿ ಬಿಚ್ಚದೆಯೇ ಗೊತ್ತಾಗುತ್ತದೆ ಅಂತ ಕೇಳಿ ಶುರು ಮಾಡಿದೆ. ಒಂದು ಬಾಟಲಿಗೆ ಕೊರಿಯರ್ ಸೇರಿ ಸಾವಿರದ ಇನ್ನೂರರ ಹತ್ತಿರ ಬೀಳುತ್ತದೆ.

ಬಾಟಲಿ ತುಂಬಿಸುವ ಕೆಲಸ ನನಗೆ ಈಗ ಇಷ್ಟದ ಕೆಲಸವೇ ಆಗಿಬಿಟ್ಟಿದೆ. ಸಂಜೆ ಕೊನೆಯ ಟ್ರಿಪ್ ಮುಗಿಸಿ ಬಂದು, ಇಂಜಿನ್ ಬಿಸಿ ಇರುವಾಗಲೇ ಲಾರಿಯನ್ನು ಅಂಗಳದಲ್ಲಿ ಸಮತಟ್ಟು ಜಾಗಕ್ಕೆ ತಂದು ನಿಲ್ಲಿಸುತ್ತೇನೆ. ಆರಲು ಬಿಡಬಾರದು, ಆರಿದರೆ ಕಸವೆಲ್ಲ ತಳಕ್ಕೆ ಕೂರುತ್ತದೆ. ಮೊದಲು ಡ್ರೈನ್ ಬೋಲ್ಟಿನ ಸುತ್ತ ಒರೆಸಬೇಕು. ನಮ್ಮಲ್ಲಿ ಕೈಯಲ್ಲಿ, ಬಟ್ಟೆಯಲ್ಲಿ ಎಲ್ಲ ಕೆಂಪು ಧೂಳು ಉಂಟಲ್ಲ, ಒಂದು ಚಿಟಿಕೆ ಬಿದ್ದರೂ ಲೆಕ್ಕ ತಪ್ಪುತ್ತದೆ. ಮೊದಲು ಬರುವ ಆಯಿಲ್ ಬಕೆಟಿಗೆ. ಧಾರೆ ಒಂದೇ ಸಮ ಆದ ಮೇಲೆ ಬಾಟಲಿ ಮುಚ್ಚಳ ತೆಗೆದು ಮುಕ್ಕಾಲು ತುಂಬಿಸಿ, ಕೂಡಲೇ ಬಿಗಿಯುತ್ತೇನೆ. ಮಗಳು ಟಾರ್ಚ್ ಹಿಡಿದು ಮೀಟರ್ ರೀಡಿಂಗ್ ಓದುತ್ತಾಳೆ, ನಡುವೆ ಎಷ್ಟು ಆಯಿಲ್ ಟಾಪ್‌ಅಪ್ ಮಾಡಿದೆ ಅಂತ ಲೇಬಲ್ ಮೇಲೆ ಬರೆಯುತ್ತಾಳೆ. ಬಾಟಲಿ ಬಿಸಿ ಇರುತ್ತದೆ. ಕಾಗದ ಸುತ್ತಿ ಪೆಟ್ಟಿಗೆಗೆ ಹಾಕಿ, ಬೆಳಗ್ಗೆ ಕುಂಬಳೆಗೆ ಹೋಗುವಾಗ ಕೊರಿಯರಿಗೆ ಕೊಡುವುದು.

ಮೊದಲ ಎರಡು ರಿಪೋರ್ಟ್ ಚೆನ್ನಾಗಿದ್ದವು. ಸಿಲಿಕಾನ್ (ಮರಳು, ಧೂಳಿನಲ್ಲಿ ಇರುವುದು) 9, 8. ಅಲ್ಯೂಮಿನಿಯಂ ಎರಡರಲ್ಲೂ 4. ಮೂರನೆಯದೇ ಈ ಮಾರ್ಚಿನದ್ದು: ಸಿಲಿಕಾನ್ 27, ಅಲ್ಯೂಮಿನಿಯಂ 31, ಕಬ್ಬಿಣ 88, ಕ್ರೋಮಿಯಂ 6.

ನಮ್ಮ ಮೇಸ್ತ್ರಿಗೆ ತೋರಿಸಿದೆ. ‘ಬಿಚ್ಚದೆ ಹೇಳಲಿಕ್ಕಾಗುವುದಿಲ್ಲ ಅಣ್ಣ, ಒಂದೂವರೆ ಲಕ್ಷ ಆದೀತು’ ಅಂದರು. ಅವರದ್ದೇನೂ ತಪ್ಪಿಲ್ಲ. ಪಿಸ್ಟನ್ ಅಂತ ಬರೆದ ಕಾಗದ ಕೊಟ್ಟರೆ ಯಾರೂ ಹೇಳುವುದು ಅದನ್ನೇ. ಆದರೆ ಹೊಗೆ ಇಲ್ಲ, ಆಯಿಲ್ ಕಡಿಮೆಯಾಗುತ್ತಿಲ್ಲ, ಲೋಡಿನಲ್ಲಿ ಎಳೆಯುವುದೂ ಮೊದಲಿನ ಹಾಗೆಯೇ. ನನಗೆ ಒಪ್ಪಲಿಕ್ಕೆ ಆಗಲಿಲ್ಲ.

ಮೂರೂ ರಿಪೋರ್ಟನ್ನು ಊಟದ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟುಕೊಂಡು ಕೂತೆ. ತಾಮ್ರ, ಸೀಸ ಏರಿಲ್ಲ, ಅಂದರೆ ಬೇರಿಂಗ್ ಸರಿ ಇದೆ. ಸೋಡಿಯಂ, ಪೊಟ್ಯಾಸಿಯಂ ಏರಿಲ್ಲ, ಅಂದರೆ ಕೂಲೆಂಟ್ ಒಳಗೆ ಸೋರಿಲ್ಲ. 100 ಡಿಗ್ರಿಯಲ್ಲಿ ಆಯಿಲಿನ ದಪ್ಪ 14.1. 40 ಗ್ರೇಡಿಗೆ 12.5ರಿಂದ 16.3ರ ಒಳಗಿದ್ದರೆ ಸಾಕು, ಹಾಗಾಗಿ ಡೀಸೆಲ್ ಬೆರೆತು ತೆಳುವಾಗಿದೆ ಅಂತಲೂ ಅಲ್ಲ. ಏರಿದ್ದು ಸಿಲಿಕಾನ್, ಅಲ್ಯೂಮಿನಿಯಂ, ಕಬ್ಬಿಣ. ಅವುಗಳ ಹಿಂದೆ ಸ್ವಲ್ಪ ಕ್ರೋಮಿಯಂ. ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು. ಎರಡನೆಯ ರಿಪೋರ್ಟಿನ ಆಯಿಲ್ ಪೂರ್ತಿ ಮಳೆಗಾಲದಲ್ಲಿ ಓಡಿದ್ದು. ಈ ಆಯಿಲ್ ಓಡಿದ್ದು ಬೇಸಗೆಯ ಕೋರೆ ದಾರಿಯಲ್ಲಿ.

ಮರುದಿನ ಲ್ಯಾಬಿಗೆ ಫೋನ್ ಮಾಡಿದೆ. ಸಿಟ್ಟು ಇತ್ತು, ಜೋರಾಗಿಯೇ ಮಾತಾಡಿದೆ. ಕನ್ನಡ ಬಲ್ಲ ಒಬ್ಬರು ಮೇಡಂ ಸಿಕ್ಕಿದರು. ಪೂರ್ತಿ ಕೇಳಿಸಿಕೊಂಡು ಎರಡೇ ಪ್ರಶ್ನೆ ಕೇಳಿದರು. ‘ಇತ್ತೀಚೆಗೆ ಗ್ಯಾಸ್ಕೆಟ್ ಪೇಸ್ಟ್ ಹಾಕಿದ್ರಾ ಸರ್?’ ಇಲ್ಲ ಅಂದೆ. ಪೇಸ್ಟಿನಿಂದಾದರೆ ಸಿಲಿಕಾನ್ ಒಂದೇ ಏರುತ್ತದಂತೆ, ಜೊತೆಗೆ ಬೇರೇನೂ ಏರುವುದಿಲ್ಲ. ‘ಗಾಡಿ ಎಲ್ಲಿ ಓಡುತ್ತೆ?’ ಕಾಸರಗೋಡು, ಮುರಕಲ್ಲಿನ ಕೋರೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು: ‘ಸಾಮಾನ್ಯ ಧೂಳಿನಲ್ಲಿ ಅಲ್ಯೂಮಿನಿಯಂಗಿಂತ ಸಿಲಿಕಾನ್ ಎಷ್ಟೋ ಪಟ್ಟು ಜಾಸ್ತಿ ಇರುತ್ತೆ. ನಿಮ್ಮದರಲ್ಲಿ ಅಲ್ಯೂಮಿನಿಯಂ ಜಾಸ್ತಿ, ಅದಕ್ಕೇ ಪಿಸ್ಟನ್ ಅಂತ ಷರಾ ಬಿತ್ತು. ಆದರೆ ನಿಮ್ಮ ಮಣ್ಣೇ ಬೇರೆ. ಮೊದಲು ಗಾಳಿ ಹೋಗುವ ದಾರಿ ನೋಡಿ.’

ನಮ್ಮ ಮಣ್ಣು ಬೇರೆ, ನಿಜ. ಮುರಕಲ್ಲು ಅಂದರೆ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಲಕ್ಷಾಂತರ ವರ್ಷದ ಮಳೆ ಸಿಲಿಕಾವನ್ನು, ಅಂದರೆ ಸಿಲಿಕಾನ್ ಇರುವ ಅಂಶವನ್ನು, ಬಹುಪಾಲು ತೊಳೆದುಕೊಂಡು ಹೋಗಿ ಉಳಿದದ್ದು ಹೆಚ್ಚಾಗಿ ಇವೆರಡು. ನಮ್ಮ ಜಿಲ್ಲೆಯಲ್ಲೇ ನೀಲೇಶ್ವರದ ಕಡೆ ಅಲ್ಯೂಮಿನಿಯಂ ಅದಿರು ಬಾಕ್ಸೈಟ್ ಉಂಟು. ಪಿಸ್ಟನ್ನಿನ ಲೋಹದಲ್ಲೂ ಸಿಲಿಕಾನ್ ಇರುತ್ತದೆ, ಆದರೆ ಅಲ್ಯೂಮಿನಿಯಂಗೆ ಸರಿಸಮವಾಗಿ ಖಂಡಿತ ಇಲ್ಲ. ಪಿಸ್ಟನ್ ಒಂದೇ ಸವೆದಿದ್ದರೆ ಸಿಲಿಕಾನ್ 27 ಬರಲು ಸಾಧ್ಯವೇ ಇರಲಿಲ್ಲ.

ಏರ್ ಫಿಲ್ಟರಿನಿಂದ ಟರ್ಬೋಗೆ ಹೋಗುವ ರಬ್ಬರ್ ಪೈಪ್ ಕಳಚಿದೆವು. ಹಳೆ ಬಿಳಿ ಪಂಚೆಯ ತುಂಡನ್ನು ಬೆರಳಿಗೆ ಸುತ್ತಿ ಒಳಗೆ ಒರೆಸಿದೆ. ಹೊರಗೆ ತೆಗೆದರೆ ಬಟ್ಟೆ ಕೆಂಪು, ಕುಂಕುಮ ಒರೆಸಿದ ಹಾಗೆ. ಫಿಲ್ಟರ್ ದಾಟಿದ ಮೇಲೆ ಅಲ್ಲಿ ಧೂಳಿನ ಸುಳಿವೂ ಇರಬಾರದು. ಪೈಪಿನ ಕೆಳಮಗ್ಗುಲಲ್ಲಿ, ಸರಿಯಾಗಿ ಕ್ಲಿಪ್ಪಿನ ಅಡಿಯಲ್ಲಿ ಒಂದು ಬಿರುಕು. ಮೇಲಿಂದ ನೋಡಿದರೆ ಕಾಣುವುದೇ ಇಲ್ಲ, ಬಗ್ಗಿಸಿದರೆ ಬಾಯಿ ಬಿಡುತ್ತದೆ. ಪೈಪ್ ಮತ್ತು ಎರಡು ಕ್ಲಿಪ್, ಕೂಲಿ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು.

ಆಯಿಲ್, ಫಿಲ್ಟರ್ ಎರಡೂ ಆವತ್ತೇ ಬದಲಿಸಿದೆ. ಏರ್ ಫಿಲ್ಟರಿಗೆ ವಾರಕ್ಕೊಮ್ಮೆ ಕಂಪ್ರೆಸರ್ ಗಾಳಿ ಹೊಡೆಸುವ ಅಭ್ಯಾಸ ಇತ್ತು, ಅದನ್ನೂ ಬಿಟ್ಟೆ. ಆ ರಭಸಕ್ಕೆ ಒಳಗಿನ ಕಾಗದವೇ ಹರಿಯಬಹುದು. ಮುಂದಿನ ರಿಪೋರ್ಟಿನಲ್ಲಿ ಅಲ್ಯೂಮಿನಿಯಂ 9, ಅದರ ನಂತರದ್ದರಲ್ಲಿ 5. ಕ್ರೋಮಿಯಂ 3ಕ್ಕೆ ಇಳಿಯಿತು. ಕ್ರೋಮಿಯಂ ಬರುವುದು ಪಿಸ್ಟನ್ ರಿಂಗಿನಿಂದ, ಹಾಗಾಗಿ ರಿಂಗ್ ಸ್ವಲ್ಪ ಸವೆದಿರುವುದು ಸತ್ಯ, ಅದು ವಾಪಸ್ ಬರುವುದಿಲ್ಲ. ಇನ್ನೊಂದು ಬೇಸಗೆ ಹಾಗೆಯೇ ಓಡಿಸಿದ್ದರೆ ಮೇಸ್ತ್ರಿ ಹೇಳಿದ ಒಂದೂವರೆ ಲಕ್ಷ ಆಗಿಯೇ ಆಗುತ್ತಿತ್ತು.

ಹಾಗಾಗಿ ಈ ಸೇವೆಯನ್ನು ನಾನು ಬಿಡುವುದಿಲ್ಲ. ಆದರೆ ಫಾರ್ಮ್ ಬಗ್ಗೆ ನನ್ನ ದೂರು ಇನ್ನೂ ಹಾಗೆಯೇ ಉಂಟು. ಗಾಡಿಯ ಮಾಡೆಲ್, ಆಯಿಲಿನ ಬ್ರಾಂಡ್, ಕಿಲೋಮೀಟರ್ ಎಲ್ಲ ಕೇಳುತ್ತಾರೆ, ಗಾಡಿ ಎಂಥ ನೆಲದಲ್ಲಿ ಓಡುತ್ತದೆ ಅಂತ ಕೇಳುವುದಿಲ್ಲ. ಫೋನ್ ಮಾಡಿದವನಿಗೆ ಮಾತ್ರ ಆ ಪ್ರಶ್ನೆ. ಮಾಡದವರು ಸುಮ್ನೆ ಇಂಜಿನ್ ಬಿಚ್ಚಿಸುತ್ತಾರೆ, ಅಲ್ವಾ?

ಹೊಸದಾಗಿ ಶುರು ಮಾಡುವವರು ಒಮ್ಮೆ ಡಬ್ಬದಿಂದ ತೆಗೆದ ಹೊಸ ಆಯಿಲನ್ನೂ ಕಳಿಸಿ. ಹೊಸದರಲ್ಲೇ ನೊರೆ ತಡೆಯಲು ಸ್ವಲ್ಪ ಸಿಲಿಕಾನ್ ಹಾಕಿರುತ್ತಾರೆ, ಅದು ಎಷ್ಟು ಅಂತ ಗೊತ್ತಿರಬೇಕು. ಈ ಟೆಸ್ಟಿಗೆ ದೊಡ್ಡ ಲೋಹದ ಚೂರು ಕಾಣುವುದಿಲ್ಲ, ಅತಿ ಸಣ್ಣ ಕಣ ಮಾತ್ರ. ಹಾಗಾಗಿ ಹಳೆ ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡುವುದನ್ನು ಬಿಡಬೇಡಿ. ನಾನಂತೂ ಈಗ ಬೇಸಗೆಯ ಆಯಿಲ್ ಮಾತ್ರ ಕಳಿಸುತ್ತೇನೆ, ಮಳೆಗಾಲದ್ದಕ್ಕೆ ದುಡ್ಡು ಹಾಕುವುದಿಲ್ಲ.

ಮುಂದಿನ ಬಾಟಲಿ ಮಾರ್ಚ್ ಕೊನೆಗೆ. ಮಗಳು ಲೇಬಲಿನ ಖಾಲಿ ಅಂಚಿನಲ್ಲಿ ಈಗಲೇ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದಾಳೆ: ‘ಮುರಕಲ್ಲಿನ ಧೂಳು.’