ಪುಣೆಯ ಜೆನೆಟಿಕ್ ಸೆಂಟರ್: ಕೌನ್ಸೆಲರ್‌ಗೆ ಐದಕ್ಕೆ ಐದು, ಕೌಂಟರ್‌ಗೆ ಎರಡು

ಕರ್ವೆ ರೋಡ್ ಕಡೆಯ ಸೆಂಟರ್ ಇದು. ಬೈಗುಳವೂ ಇದೆ, ಹಾಗಾಗಿ ಹೆಸರು ಬೇಡ.

ಮಗನಿಗೆ ನಾಲ್ಕು ವರ್ಷ. ಮಾತು ಬಂದಿಲ್ಲ, ಮೈ ಸಡಿಲ, ಆಗಾಗ ಫಿಟ್ಸ್. ಮೊದಲು ಬೇರೊಂದು ಲ್ಯಾಬ್‌ನಲ್ಲಿ ಎಕ್ಸೋಮ್ ಎಂಬ ಜೀನ್ ಟೆಸ್ಟ್ ಮಾಡಿಸಿದ್ದೆವು. 'ನೆಗೆಟಿವ್' ಅಂತ ಕಾಗದ ಕೈಗಿಟ್ಟು ಕಳಿಸಿದರು, ಅಷ್ಟೇ.

ಇಲ್ಲಿನ ಕೌನ್ಸೆಲರ್ ಆ ಹಳೇ ರಿಪೋರ್ಟನ್ನು ಪೂರ್ತಿ ಓದಿದರು. ಎಕ್ಸೋಮ್ ಟೆಸ್ಟ್ ಮುಖ್ಯವಾಗಿ ನೋಡುವುದು ಪ್ರೋಟೀನ್ ಮಾಡುವ ಭಾಗವನ್ನು, ಅದು ಇಡೀ ಜೀನೋಮ್‌ನಲ್ಲಿ, ಅಂದರೆ ನಮ್ಮ ಪೂರ್ತಿ ಡಿಎನ್‌ಎಯಲ್ಲಿ, ಶೇ. 1ರಿಂದ 2 ಮಾತ್ರ ಎಂದರು. ಆಮೇಲೆ ಅದೇ ಕಾಗದದ ಹಿಂದೆ ಪೆನ್ನಿನಲ್ಲಿ ಸಾಲಾಗಿ ಚೌಕ ಬರೆದು, ನಡುವೆ ಗೆರೆ ಎಳೆದರು. ಅದು ಒಂದು ಜೀನಿನ ಚಿತ್ರ: ಚೌಕ ಎಕ್ಸಾನ್, ಗೆರೆ ಇಂಟ್ರಾನ್. ಜೀನಿನಿಂದ ಅದರ ನಕಲು, ಅಂದರೆ ಆರ್‌ಎನ್‌ಎ, ತಯಾರಾದ ಮೇಲೆ ಗೆರೆಗಳನ್ನು ಕತ್ತರಿಸಿ ಚೌಕಗಳನ್ನು ಜೋಡಿಸಬೇಕು, ಅದೇ ಸ್ಪ್ಲೈಸಿಂಗ್. ಇದು ಎಡವಿದರೆ ಒಂದು ಚೌಕ ಬಿಟ್ಟುಹೋಗಬಹುದು, ಗೆರೆಯ ತುಂಡು ಒಳಗೇ ಉಳಿಯಬಹುದು. ಮಿದುಳಿನಲ್ಲಿ ಒಂದೇ ಜೀನನ್ನು ಬೇರೆಬೇರೆ ರೀತಿ ಜೋಡಿಸುವ ಕೆಲಸ ಬಹಳ ಜಾಸ್ತಿ. ಬೆಳೆಯುವ ಮಿದುಳಿಗೆ ಪೆಟ್ಟು ಬೀಳುವುದು ಅಲ್ಲೇ.

ಪೂರ್ತಿ ಜೀನೋಮ್ ಟೆಸ್ಟ್‌ನಲ್ಲಿ ಸಿಕ್ಕಿದ್ದು ಆರ್‌ಎನ್‌ಯು4-2 ಎಂಬ ಪುಟ್ಟ ಜೀನಿನಲ್ಲಿ ಒಂದೇ ಒಂದು ಡಿಎನ್‌ಎ ಅಕ್ಷರ ಹೆಚ್ಚಿಗೆ. ಈ ಜೀನ್ ಪ್ರೋಟೀನ್ ಮಾಡುವುದೇ ಇಲ್ಲ. ಕತ್ತರಿಸಿ ಜೋಡಿಸುವ ಯಂತ್ರಕ್ಕೇ ಬೇಕಾದ ಯು4 ಎಂಬ ಆರ್‌ಎನ್‌ಎ ಕೊಡುತ್ತದೆ. ಇದರಿಂದ ಮಕ್ಕಳಿಗೆ ಹೀಗಾಗುತ್ತದೆ ಅಂತ ಗೊತ್ತಾಗಿದ್ದೇ 2024ರಲ್ಲಿ. ಹಳೇ ಟೆಸ್ಟ್ ಅತ್ತ ನೋಡಿಯೇ ಇರಲಿಲ್ಲ!

ನಮ್ಮ ಅತ್ತೆ ಗದಗದವರು. ಬಸುರಿಯಿದ್ದಾಗ ನಾನು ಗ್ರಹಣದ ದಿನ ಹೊರಗೆ ಹೋಗಿದ್ದೆ ಎಂಬುದು ಅವರ ಹಳೇ ತಕರಾರು. ಕೌನ್ಸೆಲರ್ ಅವರನ್ನೂ ಒಳಗೆ ಕರೆದು ಕೂರಿಸಿದರು. ಅಪ್ಪ ಅಮ್ಮ ಇಬ್ಬರ ರಕ್ತದಲ್ಲೂ ಈ ಬದಲಾವಣೆ ಇಲ್ಲ, ಮಗುವಿನಲ್ಲೇ ಹೊಸದಾಗಿ ಬಂದದ್ದು ಅಂತ ಹಿಂದಿಯಲ್ಲಿ ಹೇಳಿದರು, ನಾನು ಕನ್ನಡಕ್ಕೆ ತಂದೆ. "ಹಂಗಾರ ಗ್ರಹಣ ಅಲ್ಲೇನ?" ಅಂದರು ಅತ್ತೆ. ಫೀ ಅಲ್ಲೇ ವಸೂಲಾಯಿತು. ಇನ್ನೊಂದು ಮಗುವಿಗೆ ಬರುವ ಸಾಧ್ಯತೆ ಕಡಿಮೆ, ಆದರೆ ಸೊನ್ನೆ ಅಲ್ಲ ಅಂತಲೂ ಹೇಳಿದರು.

ಸುಳ್ಳು ಆಸೆ ಹುಟ್ಟಿಸಲಿಲ್ಲ, ಅದು ಹಿಡಿಸಿತು. ಸ್ನಾಯು ಸೋಲುವ ಎಸ್‌ಎಂಎ ಎಂಬ ಜೀನ್ ಕಾಯಿಲೆಗೆ ಸ್ಪ್ಲೈಸಿಂಗನ್ನೇ ತಿದ್ದುವ ನ್ಯುಸಿನರ್ಸೆನ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2016ರಲ್ಲೇ ಒಪ್ಪಿಗೆ ಸಿಕ್ಕಿದೆ, ಇದಕ್ಕೆ ಅಂಥದ್ದಿನ್ನೂ ಇಲ್ಲ, ಸ್ಪೀಚ್ ಥೆರಪಿ, ಫಿಸಿಯೋಥೆರಪಿ ಬಿಡಬೇಡಿ ಎಂದರು.

ಕೌಂಟರ್ ಕತೆ ಬೇರೆ. ರಿಪೋರ್ಟ್ ಹೇಳಿದ ದಿನಕ್ಕೆ ಬರಲಿಲ್ಲ, ಫೋನ್ ಎತ್ತುವವರಿಲ್ಲ. ಕೌನ್ಸೆಲಿಂಗ್‌ಗೆ ಬೇರೆ ಚಾರ್ಜ್ ಅಂತ ಬಿಲ್ ಕೈಗೆ ಬಂದ ಮೇಲೆಯೇ ಗೊತ್ತಾಗಿದ್ದು. ಹೋಗುವವರು ದುಡ್ಡು ಕಟ್ಟುವ ಮೊದಲೇ ಎಲ್ಲ ಸೇರಿ ಎಷ್ಟು ಅಂತ ಬರೆಸಿಕೊಳ್ಳಿ. ಶನಿವಾರ ಮಾತ್ರ ಬೇಡ, ಸ್ಕೂಟರ್ ನಿಲ್ಲಿಸಲೂ ಜಾಗ ಇರಲ್ಲ.