ಎಳೆಯುವ ಬಸ್ಸು, ತಳ್ಳುವ ಬಸ್ಸು, ನಮ್ಮ ಚಿಗರಿ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಧಾರವಾಡದ ಟೋಲ್ ನಾಕಾದಲ್ಲಿ ಚಿಗರಿಯ (ಹುಬ್ಬಳ್ಳಿ-ಧಾರವಾಡ ನಡುವೆ ಮೀಸಲು ಪಥದಲ್ಲಿ ಓಡುವ ನಮ್ಮ ಬಸ್ಸು) ಬಾಗಿಲು ತೆರೆದರೆ ಕೇಳುವ ಮೊದಲ ಮಾತು, "ಒಳಗ ಸರೀರಿ, ಇನ್ನೂ ನಾಕ್ ಮಂದಿ ಅದಾರ." ಜನ ಮೆಚ್ಚಿಕೊಂಡ ಬಸ್ಸಿಗೆ ಬರುವ ಗದ್ದಲ ಅದು. ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಕಲಿಸುವ ನಾನು ಶುರುವಿನಿಂದಲೂ ಇದರಲ್ಲೇ ಹೋಗಿಬರುತ್ತೇನೆ. ಬಾಗಿಲ ಬಳಿ ಕಂಬ ಹಿಡಿದು ನಿಂತಾಗಲೆಲ್ಲ ಬರುವ ಯೋಚನೆ ಒಂದೇ: ಈ ಬಸ್ಸಿಗೆ ಹಿಂದೊಂದು ಡಬ್ಬಿ ಜೋಡಿಸಿದ್ದರೆ?

ಎರಡು ಡಬ್ಬಿಯನ್ನು ನಡುವೆ ಬಾಗುವ ಕೀಲಿಟ್ಟು ಜೋಡಿಸಿದ ಅಂಥ ಕೀಲು ಬಸ್ಸುಗಳಲ್ಲಿ ಓಡಾಡಿ ನೋಡುವ ಅವಕಾಶ 2019ರ ಬೇಸಿಗೆಯಲ್ಲಿ ಸಿಕ್ಕಿತು. ಮಗಳು ಓದಲು ಬುಡಾಪೆಸ್ಟಿಗೆ ಹೋಗಿದ್ದಳು. ನಾನು, ನಮ್ಮ ಮನೆಯವರು ಮೂರು ವಾರ ಅವಳ ಹತ್ತಿರ ಇದ್ದೆವು. ಅವಳು ಬಸ್ ಪಾಸ್ ಮಾಡಿಸಿಕೊಟ್ಟಿದ್ದಳು. ಅವಳು ಕ್ಲಾಸಿಗೆ ಹೋದ ಮೇಲೆ ನಮಗೆ ಬಸ್ಸೇ ಮನೆ. ಹಂಗೇರಿಯ ಹೆಸರಾಂತ ಇಕಾರಸ್ 280 ಆಗ ಅಲ್ಲಿ ಇನ್ನೂ ಓಡುತ್ತಿತ್ತು (ಅವರ ಬಾಯಲ್ಲಿ ಇಕಾರುಶ್). ಅದೇ ಊರಿನಲ್ಲಿ ಮುಂದಿನ ತಲೆಮಾರಿನ ಮರ್ಸಿಡಿಸ್ ಸಿಟಾರೊ ಜಿ ಕೂಡ ಇತ್ತು. ಎರಡನ್ನೂ ಹತ್ತಿ ಇಳಿದು, ಮುಂದೆ ಕೂತು, ಹಿಂದೆ ಕೂತು, ನಡುವಿನ ಕೀಲಿನ ಮೇಲೆ ನಿಂತು ನೋಡಿದೆ. ಬೆಂಗಳೂರಿನ ವೆಸ್ಟಿಬ್ಯೂಲ್ ಬಸ್ಸಿನಲ್ಲಿ (ಅದೂ ಕೀಲಿನದೇ) ಹಿಂದೆಯೇ ಓಡಾಡಿದ್ದೆ. ಚಿಗರಿಯಂತೂ ದಿನದ ಬಸ್ಸು.

ಇಕಾರಸ್ 280 ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 1973ರಿಂದ 2002ರವರೆಗೆ, ಮೂವತ್ತು ವರ್ಷದ ಹತ್ತಿರ, ಒಂದೇ ಮೂಲ ವಿನ್ಯಾಸದಲ್ಲಿ ತಯಾರಾದ ಗಾಡಿ ಇದು. 60 ಸಾವಿರಕ್ಕೂ ಹೆಚ್ಚು ಬಸ್ಸು ಕಾರ್ಖಾನೆಯಿಂದ ಹೊರಬಿದ್ದವು. ಬಹುಪಾಲು ಹೋದದ್ದು ಆಗಿನ ಸೋವಿಯತ್ ಒಕ್ಕೂಟಕ್ಕೆ. ಇದರದೇ ಅಮೆರಿಕನ್ ರೂಪವೊಂದು ಪೋರ್ಟ್‌ಲ್ಯಾಂಡ್ ನಗರದಲ್ಲೂ ಓಡಿತು. 200 ಸರಣಿಯ ಈ ಬಸ್ಸುಗಳಿಗೆ ಆಕಾರ ಕೊಟ್ಟವರು ಲಾಸ್ಲೊ ಫಿಂಟಾ. ಚೌಕಟ್ಟಾದ ಮೈ, ದೊಡ್ಡ ಗಾಜು, ಒಂದಿಷ್ಟೂ ಸಿಂಗಾರವಿಲ್ಲ. ಉದ್ದ 16.5 ಮೀಟರ್, ನಾಲ್ಕು ಅಗಲ ಬಾಗಿಲು, ಮೂರು ಆಕ್ಸಲ್ (ಗಾಲಿಯ ಅಚ್ಚು).

ವರ್ಕ್‌ಶಾಪ್ ಮನುಷ್ಯನಾದ ನನಗೆ ಮುಖ್ಯವಾದದ್ದು ಎಂಜಿನ್ ಎಲ್ಲಿದೆ ಅನ್ನುವುದು. ಇಕಾರಸ್‌ನಲ್ಲಿ ಅದು ಮುಂದಿನ ಡಬ್ಬಿಯ ನೆಲದಡಿ, ಮೊದಲ ಮತ್ತು ಎರಡನೇ ಆಕ್ಸಲ್ ನಡುವೆ ಇದೆ. ಆರು ಸಿಲಿಂಡರಿನ ರಾಬಾ-ಮಾನ್ ಎಂಜಿನ್ನನ್ನು ಪಕ್ಕಕ್ಕೆ ಮಲಗಿಸಿ ಕೂಡಿಸಿದ್ದಾರೆ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ ಹಂಗೇರಿಯಲ್ಲೇ ಮಾಡಿದ ಎಂಜಿನ್ ಅದು. ಅದು ತಿರುಗಿಸುವುದು ನಡುವಿನ ಆಕ್ಸಲನ್ನು. ಹಿಂದಿನ ಡಬ್ಬಿಗೆ ಸ್ವಂತ ಬಲವಿಲ್ಲ, ಮುಂದಿನದು ಎಳೆದಂತೆ ಬರುತ್ತದೆ.

ಸಿಟಾರೊದಲ್ಲಿ ಇದು ಪೂರಾ ತಿರುಗುಮುರುಗು. ಎಂಜಿನ್ ಕಟ್ಟಕಡೆಯ ಮೂಲೆಯಲ್ಲಿದೆ, ತಿರುಗುವುದು ಮೂರನೇ ಆಕ್ಸಲ್. ಹಿಂದಿನ ಡಬ್ಬಿಯೇ ಮುಂದಿನದನ್ನು ತಳ್ಳಿಕೊಂಡು ಹೋಗುತ್ತದೆ.

ಎಳೆಯುವುದಕ್ಕೂ ತಳ್ಳುವುದಕ್ಕೂ ಇರುವ ಅಂತರ ನಮ್ಮ ಕಡೆಯ ಹಳ್ಳಿಯ ಹುಡುಗರಿಗೆ ಹೇಳಿಕೊಡಬೇಕಿಲ್ಲ. ಕಬ್ಬು ಹೇರಿದ ಟ್ರೇಲರನ್ನು ಟ್ರ್ಯಾಕ್ಟರಿನಿಂದ ಮುಂದಕ್ಕೆ ಎಳೆದರೆ ಅದು ಸುಮ್ಮನೆ ಹಿಂದೆ ಬರುತ್ತದೆ. ಅದನ್ನೇ ರಿವರ್ಸ್ ತೆಗೆದುಕೊಂಡು ಓಣಿಯೊಳಗೆ ಹಾಕುವಾಗ ಸ್ಟಿಯರಿಂಗ್ ಒಂದು ಗೇಣು ತಪ್ಪಿದರೂ ಜೋಡಣೆಯ ಹತ್ತಿರ ಮಡಚಿಕೊಂಡು ಕತ್ತರಿಯಾಗುತ್ತದೆ. ಕೀಲಿನ ಗಾಡಿಯನ್ನು ಹಿಂದಿನಿಂದ ಒತ್ತಿದರೆ ಅದು ಮಡಚಲು ನೋಡುತ್ತದೆ. ತಳ್ಳುವ ಬಸ್ಸು ಮುಂದಕ್ಕೆ ಓಡುವಾಗಲೂ ಈ ಗುಣ ಅದರ ಬೆನ್ನು ಬಿಡುವುದಿಲ್ಲ; ರಸ್ತೆ ಜಾರಿದರೆ ಇನ್ನೂ ಕಷ್ಟ. ಅದಕ್ಕೆ ಉಪಾಯವಾಗಿ ಕೀಲಿನೊಳಗೇ ಹೈಡ್ರಾಲಿಕ್ ಡ್ಯಾಂಪರ್ (ಎಣ್ಣೆಯ ಒತ್ತಡದಿಂದ ಚಲನೆಯನ್ನು ತಡೆದು ಹಿಡಿಯುವ ಸಾಧನ) ಇಟ್ಟು, ಕೀಲು ಎಷ್ಟು ಬೇಗ, ಎಷ್ಟು ಕೋನಕ್ಕೆ ಬಾಗುತ್ತಿದೆ ಎಂದು ಅಳೆದು ಬಿಗಿ ಮಾಡುವ ವ್ಯವಸ್ಥೆ ತಂದರು. 1970ರ ದಶಕದ ಕೊನೆಗೆ ಬಂದ ಮರ್ಸಿಡಿಸ್ ಒ305ಜಿ ಬಸ್ಸಿನಿಂದ ಈ ದಾರಿ ತೆರೆಯಿತು. ಅದರ ಹಿಂದೆ ಹ್ಯಾಂಬರ್ಗಿನ ಫಾಲ್ಕೆನ್‌ರೀಡ್ ವರ್ಕ್‌ಶಾಪಿನವರ ಕೆಲಸವಿತ್ತು.

ಇಷ್ಟು ಪಡಿಪಾಟಲು ಯಾಕೆ ಬಿದ್ದರು? ಮೊದಲನೆಯದು, ಮಾಮೂಲಿ ಬಸ್ಸಿಗೆ ಎಂಜಿನ್ ಹಿಂದೆಯೇ ಇದ್ದದ್ದರಿಂದ ಉದ್ದ ಬಸ್ಸಿಗೂ ಅದೇ ಬಿಡಿಭಾಗ ಸಾಕಾಗುತ್ತಿತ್ತು. ಎರಡನೆಯದು ಇನ್ನೂ ದೊಡ್ಡದು: ಎಂಜಿನ್ ಹಿಂದಿನ ಮೂಲೆಗೆ ಹೋದರೆ ಉಳಿದ ನೆಲವನ್ನೆಲ್ಲ ಕೆಳಗಿಳಿಸಬಹುದು.

ಇದು ನನಗಿಂತ ಮೊದಲು ಗೊತ್ತಾದದ್ದು ನಮ್ಮ ಮನೆಯವರ ಮೊಣಕಾಲಿಗೆ. ಇಕಾರಸ್ ಹತ್ತಲು ಪಾವಟಿಗೆ ಏರಬೇಕು. ಎಂಜಿನ್ನಿನ ಮೇಲೆ ನೆಲ ಬರುವುದರಿಂದ ಅದು ರಸ್ತೆಯಿಂದ ಸುಮಾರು 90 ಸೆಂಟಿಮೀಟರ್ ಎತ್ತರ. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು ಆಕೆ ಏರುತ್ತಿದ್ದರು. ಸಿಟಾರೊ ಬಂದು ನಿಂತರೆ ಬಾಗಿಲ ಕಡೆಗೆ ಮೈಯನ್ನು ಸ್ವಲ್ಪ ಬಗ್ಗಿಸುತ್ತಿತ್ತು. ಫುಟ್‌ಪಾತಿನಿಂದ ಒಂದೇ ಹೆಜ್ಜೆ, ಒಳಗೆ. ಮೂರನೇ ದಿನಕ್ಕೆ ಆಕೆ ಹೇಳಿಬಿಟ್ಟರು, "ನೀವು ಬೇಕಾದ್ರ ಆ ಹಳೇದ್ರಾಗ ಬರ್ರಿ, ನಾ ಇದ್ರಾಗ ಹೋಗತೇನಿ." ಒಂದು ದಿನ ಹಾಗೇ ಆಯಿತು, ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಹೋಗಿ ಮಾರ್ಕೆಟ್ ಹತ್ತಿರ ಭೇಟಿಯಾದೆವು.

ನಾನು ಆ ಹಳೆಯದನ್ನು ಬಿಡದೆ ಹತ್ತಿದ್ದಕ್ಕೆ ಕಾರಣ ಅದರ ಕೀಲು. ನಡುವೆ ನೆಲದಲ್ಲಿ ಒಂದು ದುಂಡನೆಯ ಕಬ್ಬಿಣದ ತಟ್ಟೆ. ಅದರ ಎರಡೂ ಪಕ್ಕ ರಬ್ಬರು ಬಟ್ಟೆಯ ಮಡಿಕೆಗಳು, ಥೇಟ್ ಪೇಟಿಯ ತಿದಿ. ರಷ್ಯಾದವರು ಈ ಬಸ್ಸಿಗೆ ಅಕಾರ್ಡಿಯನ್ನಿನ ಹೆಸರನ್ನೇ ಇಟ್ಟಿದ್ದರಂತೆ. ಹಂಗೇರಿಯವರು ಮಾತ್ರ ಚುಕ್ಲೋಶ್ ಅನ್ನುತ್ತಾರೆ. ಚುಕ್ಲೋ ಅಂದರೆ ಮಣಿಕಟ್ಟು, ಚುಕ್ಲೋಶ್ ಅಂದರೆ ಮಣಿಕಟ್ಟುಳ್ಳದ್ದು. ನನಗೆ ಆ ಹೆಸರು ಬಹಳ ಹಿಡಿಸಿತು. ಒಂದು ಕಾಲು ತಟ್ಟೆಯ ಮೇಲೆ, ಇನ್ನೊಂದು ಹಿಂದಿನ ನೆಲದ ಮೇಲೆ ಇಟ್ಟು ನಿಂತರೆ, ತಿರುವಿನಲ್ಲಿ ಒಂದು ಪಾದ ಮೆಲ್ಲಗೆ ಬೇರೆ ದಿಕ್ಕಿಗೆ ಹೋಗುತ್ತದೆ. ಎಡಕ್ಕೆ ಹೊರಳಿದಾಗ ಎಡಗಡೆಯ ಮಡಿಕೆಗಳೆಲ್ಲ ಒಂದಕ್ಕೊಂದು ಅಂಟಿ, ಬಲಗಡೆಯವು ಪೂರ್ತಿ ಬಿಚ್ಚಿ, ಸವೆದ ಸಂದುಗಳಲ್ಲಿ ಸಣ್ಣಗೆ ಬೆಳಕು ಕಾಣಿಸುತ್ತದೆ. ಮುಂದೆ ಕೂತವರ ತಲೆ ಕಿಟಕಿಯಾಚೆ ಹಾದುಹೋದಂತೆ ತೋರುತ್ತದೆ. ಎಂಜಿನ್ನಿನ ಗುಡುಗು ಮುಂದಿನ ಡಬ್ಬಿಯ ನಡುವೆ ಜೋರು. ಹಿಂದಿನ ಡಬ್ಬಿಯಲ್ಲಿ ಕೂತರೆ ಅದು ದೂರದ ಹಿಟ್ಟಿನ ಗಿರಣಿಯ ಹಾಗೆ ಕೇಳುತ್ತದೆ. ಕುಲುಕಾಟ ಮಾತ್ರ ಹಿಂದೆಯೇ ಹೆಚ್ಚು.

ಸಿಟಾರೊ ಕೀಲಿನ ಮೇಲೂ ನಿಂತೆ. ಅಲ್ಲಿ ಸದ್ದೂ ಇಲ್ಲ, ಸಂದೂ ಇಲ್ಲ. ಚಲನೆ ಮೆತ್ತಗೆ, ಯಾರೋ ಹಿಡಿದು ಹಿಡಿದು ಬಿಡುತ್ತಿರುವ ಹಾಗೆ. ಡ್ಯಾಂಪರಿನ ಕೆಲಸ ಅದು. ಕೊನೆಯ ಸಾಲಿನಲ್ಲಿ ಕೂತರೆ ಎಂಜಿನ್ನಿನ ಶಾಖ ಬೆನ್ನಿಗೆ ತಟ್ಟುತ್ತದೆ. ಕೂರಲು ಸುಖ ಸಿಟಾರೊ. ಅದರಲ್ಲಿ ಎರಡು ಮಾತಿಲ್ಲ.

ಉದ್ದದ ಬಗ್ಗೆ ನನಗಿದ್ದ ಒಂದು ತಪ್ಪು ಕಲ್ಪನೆ ಅಲ್ಲೇ ಹೋಯಿತು. 18 ಮೀಟರಿನ ಬಸ್ಸು ತಿರುಗಲು 12 ಮೀಟರಿನದಕ್ಕಿಂತ ಬಹಳ ಹೆಚ್ಚು ಜಾಗ ಬೇಕು ಅಂದುಕೊಂಡಿದ್ದೆ. ಯುರೋಪಿನ ನಿಯಮದಲ್ಲಿ ಎರಡಕ್ಕೂ ಅಳತೆ ಒಂದೇ: ಹೊರಗಿನ ತ್ರಿಜ್ಯ 12.5 ಮೀಟರಿನ ವೃತ್ತದೊಳಗೆ ತಿರುಗಬೇಕು. ಕೀಲು ಇರುವುದೇ ಅದಕ್ಕೆ. ಉದ್ದ ಬಸ್ಸಿಗೆ ಕಷ್ಟವಾಗುವುದು ರಿವರ್ಸಿನಲ್ಲಿ, ನಿಲ್ಲಲು ಬೇಕಾಗುವ ಜಾಗದಲ್ಲಿ, ಮತ್ತು ಡಿಪೋದ ಪಿಟ್ಟಿನ ಉದ್ದದಲ್ಲಿ.

ಬೆಂಗಳೂರಿನ ವೆಸ್ಟಿಬ್ಯೂಲ್ ಬಗ್ಗೆ ಹೆಚ್ಚು ಹೇಳಲಾರೆ. ಮೆಜೆಸ್ಟಿಕ್‌ನಿಂದ ನಾಲ್ಕೈದು ಸಲ ಹತ್ತಿದ್ದೇನೆ. ಮಂದಿ ಹಿಡಿಸುತ್ತಿತ್ತು, ಅದು ನಿಜ. ಆದರೆ ಪಾವಟಿಗೆ ಏರಿ ಹತ್ತಬೇಕಿತ್ತು, ಒಳಗೆ ಟಿಕೆಟ್ ತೆಗೆಸಬೇಕಿತ್ತು, ಬೇರೆಲ್ಲ ಗಾಡಿಗಳ ಜತೆ ಟ್ರಾಫಿಕ್ಕಿನಲ್ಲಿ ತೆವಳಬೇಕಿತ್ತು. ಉದ್ದ ಬಸ್ಸಿನ ಲಾಭ ಇರುವುದು ನಿಲ್ದಾಣದಲ್ಲಿ ಬೇಗ ಹತ್ತಿಳಿಸಿ ಹೊರಡುವುದರಲ್ಲಿ. ಅದು ಸಿಗದಿದ್ದರೆ ಬಸ್ಸು ಎಷ್ಟು ಉದ್ದವಿದ್ದರೂ ಅಷ್ಟೇ.

ಇನ್ನು ಚಿಗರಿ. ಹುಬ್ಬಳ್ಳಿ-ಧಾರವಾಡ ನಡುವಿನ ಸುಮಾರು 22 ಕಿಲೋಮೀಟರಿನ ಈ ಬಿಆರ್‌ಟಿಎಸ್ (ಮೀಸಲು ಪಥದ ತ್ವರಿತ ಬಸ್ ಸಾರಿಗೆ) 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. 2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಉದ್ಘಾಟಿಸಿದರು. ಅದಕ್ಕೂ ಮೊದಲು ನಾವು ಓಡಾಡಿದ್ದು ಕೆಂಪು ಬಸ್ಸು ಮತ್ತು ಬೇಂದ್ರೆ ಸಾರಿಗೆಯಲ್ಲಿ. "ಹುಬ್ಳೀ ಹುಬ್ಳೀ" ಎಂದು ಕಂಡಕ್ಟರ್ ಬಾಗಿಲಲ್ಲಿ ಜೋತು ಕೂಗುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಚಿಗರಿಗೆ ಕೀಲಿಲ್ಲ, 12 ಮೀಟರಿನ ಒಂದೇ ಡಬ್ಬಿ. ಆದರೆ ಅದರ ವ್ಯವಸ್ಥೆಯಲ್ಲಿ ಇಕಾರಸ್‌ಗೂ ಸಿಟಾರೊಗೂ ಸಿಗದ ಒಂದು ಭಾಗ್ಯವಿದೆ. ನಿಲ್ದಾಣ ರಸ್ತೆಯ ನಡುವೆ, ಬಸ್ಸಿನ ನೆಲದಷ್ಟೇ ಎತ್ತರಕ್ಕೆ. ಟಿಕೆಟ್ ನಿಲ್ದಾಣದಲ್ಲೇ. ಬಲಗಡೆಯ ಬಾಗಿಲು ತೆರೆದರೆ ಮನೆಯ ಪಡಸಾಲೆಯಿಂದ ಕೋಣೆಗೆ ಹೋದ ಹಾಗೆ ನಡೆದುಹೋಗುವುದು. ಬುಡಾಪೆಸ್ಟಿನಿಂದ ಬಂದ ವಾರವೇ ನಮ್ಮ ಮನೆಯವರು ನವನಗರದಲ್ಲಿ ನನ್ನ ತೋಳು ಹಿಡಿಯದೆ ಒಳಗೆ ಹೋದರು. ಸಿಟಾರೊಗೆ ಬೇಕಿದ್ದ ಆ ಒಂದು ಹೆಜ್ಜೆಯೂ ಇಲ್ಲಿ ಬೇಕಾಗಲಿಲ್ಲ.

ಆಗ ಹೊಳೆದದ್ದೇ ಈ ಬರಹಕ್ಕೆ ಕಾರಣ. ನೆಲದಡಿ ಎಂಜಿನ್ ಇಟ್ಟು ನಡುವಿನ ಆಕ್ಸಲಿನಿಂದ ಎಳೆಯುವ ವಿನ್ಯಾಸವನ್ನು ಯುರೋಪಿನವರು ಕೈಬಿಟ್ಟಿದ್ದು ಅದು ಕೆಟ್ಟದ್ದೆಂದಲ್ಲ. ಫುಟ್‌ಪಾತಿನಿಂದ ಹತ್ತುವವರಿಗೆ ಅದರ ನೆಲ ಎತ್ತರವಾಯಿತು, ಅದಕ್ಕೆ. ನಿಲ್ದಾಣವನ್ನೇ ಎತ್ತರಿಸಿದ ಊರಿನಲ್ಲಿ ಆ ದೋಷ ದೋಷವೇ ಅಲ್ಲ. ನಾನು ಇದನ್ನು ಹೊಸದಾಗಿ ಕಂಡುಹಿಡಿದೆ ಎಂದು ಹೇಳುತ್ತಿಲ್ಲ. ಬ್ರೆಜಿಲ್ಲಿನ ಕುರಿಟಿಬಾ 1974ರಲ್ಲೇ ಬಸ್ಸಿಗೆ ಮೀಸಲು ಪಥ ಹಾಕಿತು. 1990ರ ದಶಕದ ಮೊದಲಲ್ಲಿ ಅಲ್ಲಿ ಎತ್ತರದ ಕೊಳವೆ ನಿಲ್ದಾಣಗಳು ಬಂದವು. ಜತೆಗೆ ಎರಡು ಕೀಲಿನ, ಸುಮಾರು 25 ಮೀಟರಿನ ವೋಲ್ವೋ ಬಸ್ಸುಗಳೂ ಬಂದವು. ಕೊಲಂಬಿಯಾದ ಬೊಗೊಟಾದಲ್ಲಿ 2000ದ ಡಿಸೆಂಬರಿನಲ್ಲಿ ಶುರುವಾದ ಟ್ರಾನ್ಸ್‌ಮಿಲೇನಿಯೊ ಮೊದಲಿನಿಂದಲೂ 18 ಮೀಟರಿನ, 160 ಜನರ ಕೀಲು ಬಸ್ಸು ಓಡಿಸಿತು. ಈ ಎರಡೂ ಊರು ಬಳಸಿದ ವೋಲ್ವೋ ಬಿ10ಎಂ ಚಾಸಿಯಲ್ಲಿ ಎಂಜಿನ್ ಇರುವುದು ಇಕಾರಸ್‌ನ ಹಾಗೆಯೇ: ನೆಲದಡಿ, ಮಲಗಿಕೊಂಡು. ಬೊಗೊಟಾದಲ್ಲಂತೂ ರಸ್ತೆಯ ನಡುವಿನ ಎತ್ತರದ ನಿಲ್ದಾಣ, ಆ ಕಡೆಗೆ ತೆರೆಯುವ ಬಾಗಿಲು, ಹೊರಗೇ ಟಿಕೆಟ್, ಎಲ್ಲ ನಮ್ಮದರ ಹಾಗೆ. ಅವರು ರಸ್ತೆಯ ಬಲಕ್ಕೆ ಹೋಗುವವರಾದ್ದರಿಂದ ಬಾಗಿಲು ಎಡಕ್ಕೆ, ಅಷ್ಟೇ.

ಹಾಗಾದರೆ ಚಿಗರಿಯನ್ನೆಲ್ಲ ಬದಲಿಸಿ ಉದ್ದ ಬಸ್ಸು ತರಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಮಧ್ಯಾಹ್ನ ಎರಡಕ್ಕೆ ರಾಯಾಪುರದಲ್ಲಿ ನಿಂತವನಿಗೆ ಬೇಕಾದ್ದು ಬೇಗ ಬರುವ ಬಸ್ಸು, ದೊಡ್ಡ ಬಸ್ಸಲ್ಲ. ಉದ್ದನೆಯದನ್ನು ತಂದು, ತುಂಬಲಿ ಎಂದು ಕಾಯಿಸಿ ಬಿಡುವುದಾದರೆ ಈಗಿನದೇ ಎಷ್ಟೋ ವಾಸಿ. ಹಳೇ ಹುಬ್ಬಳ್ಳಿಯ ಓಣಿಗಳಿಗೂ ದುರ್ಗದ ಬೈಲಿನ ಸುತ್ತಮುತ್ತಲಿಗೂ ಮಾಮೂಲಿ ಬಸ್ಸೇ ಸರಿ. ನಮ್ಮ ಎರೆಮಣ್ಣಿನ ಧೂಳು ಕೀಲಿನ ಗ್ರೀಸಿಗೂ ತಿದಿಯ ಮಡಿಕೆಗೂ ಒಳ್ಳೆಯದಲ್ಲ. ಅದನ್ನು ವಾರಕ್ಕೊಮ್ಮೆ ಬಗ್ಗಿ ನೋಡುವ ಕೈ ಇರದಿದ್ದರೆ ತರದಿರುವುದೇ ಲೇಸು.

ಆದರೆ ಬೆಳಿಗ್ಗೆ ಎಂಟರಿಂದ ಹತ್ತೂವರೆ, ಸಂಜೆ ಐದರಿಂದ ಏಳೂವರೆ, ಮೀಸಲು ಪಥದಲ್ಲಿ, ಬಲಗಡೆ ನಾಲ್ಕು ಬಾಗಿಲಿನ ಎತ್ತರದ ನೆಲದ ಎಳೆಯುವ ಬಸ್ಸು ನನ್ನ ಆಯ್ಕೆ. ಈಚೆಗೆ ವಿದ್ಯುತ್ ಬಸ್ಸಿನ ಮಾತು ಎಲ್ಲೆಡೆ ಇದೆ. ಅದರಲ್ಲಿ ಮೋಟಾರನ್ನು ನಡುವಿನ ಆಕ್ಸಲಿಗೂ ಹಾಕಬಹುದು, ಹಿಂದಿನದಕ್ಕೂ ಹಾಕಬಹುದು. ಎಳೆಯುವುದೋ ತಳ್ಳುವುದೋ ಎಂಬ ಹಳೆಯ ಜಗಳ ಅಲ್ಲಿ ಅರ್ಧಕ್ಕರ್ಧ ಮುಗಿಯುತ್ತದೆ.

ನಮ್ಮ ಮನೆಯವರನ್ನು ಕೇಳಿದರೆ ಈಗಲೂ ಚಿಗರಿ ಮೊದಲು, ಸಿಟಾರೊ ಎರಡನೆಯದು, ಇಕಾರಸ್ ಪಟ್ಟಿಯಲ್ಲೇ ಇಲ್ಲ. 2022ರ ನವೆಂಬರಿನಲ್ಲಿ ಇಕಾರಸ್ 280 ಬುಡಾಪೆಸ್ಟಿನ ದಿನನಿತ್ಯದ ಓಡಾಟದಿಂದ ನಿವೃತ್ತಿಯಾಯಿತು. ಮಗಳು ಅಲ್ಲಿಂದ ಒಂದು ಫೋಟೊ ಕಳಿಸಿದ್ದಳು: ನೀಲಿ ಬಸ್ಸಿನ ದುಂಡು ತಟ್ಟೆಯ ಮೇಲೆ ಅವಳ ಎರಡು ಪಾದ, ಒಂದು ಮುಂದಿನ ಡಬ್ಬಿಯ ಕಡೆಗೆ, ಒಂದು ಹಿಂದಿನದರ ಕಡೆಗೆ. ವರ್ಕ್‌ಶಾಪಿನ ಬೋರ್ಡಿನ ಪಕ್ಕ ಅದನ್ನು ಅಂಟಿಸಿದ್ದೇನೆ. ಹೊಸ ಬ್ಯಾಚಿಗೆ ಯುನಿವರ್ಸಲ್ ಜಾಯಿಂಟ್ (ಬೇರೆ ಬೇರೆ ದಿಕ್ಕಿಗೆ ಬಾಗುವ ಕೀಲು) ಪಾಠ ಅಲ್ಲಿಂದಲೇ ಶುರು.